ಸೆರಗಿನ ತುದಿಯ ಪ್ರಸಾದ

ನಾನು ಹೇಳಿದ್ದು ಸುಳ್ಳು. ವರ್ಷಗಳ ಹಿಂದೆ ಒಂದು ಭಾನುವಾರ ಬಲಿಪೂಜೆ ಮುಗಿದು ಜನರೆಲ್ಲ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ, ಸಗರದ ಮರೆವ್ವನ ಮೇಲೆ ನಾನು ಹೊರಿಸಿದ ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು. ಅವಳಿಗೆ ಕಲಿಸಿದ್ದೇನೆ ಎಂದೆ — ಕಲಿಸಿರಲಿಲ್ಲ. ಬೇಕಂತಲೇ ಮಾಡಿದ್ದಾಳೆ ಎಂದೆ — ಅವಳಿಗೆ ಗೊತ್ತೇ ಇರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು, ನಡುನಡುವೆ ಎದ್ದು ಹೋಗಿ ಕೈಯಾಡಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಒಂದೇ ಸಮನೆ ಕೂತು ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ಜನ ನನ್ನನ್ನು ಟೀಚರ್ ಎನ್ನುತ್ತಾರೆ. ಶಾಲೆಯ ಟೀಚರ್ ಅಲ್ಲ. ಭಾನುವಾರ ಪೂಜೆಗೆ ಮೊದಲು ಮಕ್ಕಳಿಗೂ, ಹೊಸದಾಗಿ ಜ್ಞಾನಸ್ನಾನ ಪಡೆದು ಕ್ರೈಸ್ತರಾಗುವ ದೊಡ್ಡವರಿಗೂ ಜ್ಞಾನೋಪದೇಶ ಹೇಳಿಕೊಡುವವಳು. ಶಹಾಪುರ, ಸುರಪುರದ ಕಡೆ ಕಥೋಲಿಕರು ಎಂದರೆ ಊರಿಗೆ ನಾಲ್ಕು ಮನೆ, ಕೆಲವು ಊರಲ್ಲಿ ಒಂದೇ ಮನೆ. ಅವರಿಗೆ ಕಲಿಸುವವರು ಯಾರು? ಸಿಸ್ಟರುಗಳ ಹಾಸ್ಟೆಲಿನಲ್ಲಿ ಬೆಳೆದು ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿದ್ದ ನನಗೇ ಆ ಕೆಲಸ ಬಂತು. ನಾನು ಕಲಿತದ್ದು ಮಗ್ಗಿಯ ಹಾಗೆ, ಕಲಿಸಿದ್ದೂ ಹಾಗೆಯೇ. ನಾನು ಪ್ರಶ್ನೆ ಹೇಳುವುದು, ಅವರು ಉತ್ತರ ಕೂಗುವುದು. ಉತ್ತರ ತಡವರಿಸದೆ ಬಂದರೆ ವಿಶ್ವಾಸವೂ ಬಂದಿತೆಂದು ಲೆಕ್ಕ. ಅರ್ಥ ಕೇಳಿದವರನ್ನು ಗದರಿದ್ದೇನೆ. ಅರ್ಥ ನನಗೆ ಗೊತ್ತಿದ್ದರೆ ಗದರುತ್ತಿದ್ದೆನೇ — ಅದನ್ನು ಆಗ ಯೋಚಿಸಲಿಲ್ಲ.

ಮರೆವ್ವ ಮತ್ತು ಅವಳ ಗಂಡ ಸಾಯಬಣ್ಣ ನಡುವಯಸ್ಸಿನಲ್ಲಿ ಜ್ಞಾನಸ್ನಾನ ಪಡೆದವರು. ಸಾಯಬಣ್ಣ ಕಲ್ಲು ಒಡೆಯುವವನು. ಧೂಳು ಕುಡಿದು ಕುಡಿದು ಎದೆ ಕೆಟ್ಟು, ಕಡೆಗೆ ಹಾಸಿಗೆ ಹಿಡಿದ. ಹೆಂಡತಿ ಮಾತ್ರ ಕಾಯಿಪಲ್ಲೆಯ ಬುಟ್ಟಿ ಹೊತ್ತು ಸಗರದಿಂದ ಬಸ್ಸಿಗೆ ಬಂದು, ಬುಟ್ಟಿಯನ್ನು ಚರ್ಚಿನ ಬಾಗಿಲ ಪಕ್ಕ ಇಟ್ಟು ನನ್ನ ಮುಂದೆ ಕೂಡುತ್ತಿದ್ದಳು. ಪಾಠ ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ‘ಪರಮ ಪ್ರಸಾದವೆಂದರೇನು?’ ಎಂಬ ಪ್ರಶ್ನೆಗೆ ನಮ್ಮ ಪುಸ್ತಕದಲ್ಲಿ ಉದ್ದನೆಯ ಉತ್ತರ. ರೊಟ್ಟಿ ಮತ್ತು ದ್ರಾಕ್ಷಾರಸದ ರೂಪದಲ್ಲಿ ಯೇಸುಸ್ವಾಮಿಯ ಶರೀರ, ರಕ್ತ, ಹೀಗೆ ಸಾಗುತ್ತದೆ. ಅರ್ಧಕ್ಕೇ ಅವಳಿಗೆ ಉಸಿರು ಕಟ್ಟುತ್ತಿತ್ತು.

“ಟೀಚರ್, ಈ ಉದ್ದನ ಮಾತು ಬಿಡ್ರಿ,” ಎಂದಳು ಒಂದು ದಿನ. “ಪ್ರಸಾದ ಅಂದ್ರ ನಮ್ಮ ತಿಂಥಣಿ ಮೌನಪ್ಪನ ಗುಡ್ಯಾಗ ಕೊಡ್ತಾರಲ್ರಿ, ಹಂಗನ ಏನ್ರಿ?”

ಪೂಜೆಯ ಗಂಟೆ ಹೊಡೆಯುವ ಹೊತ್ತು. ನನ್ನ ಮನೆಯಲ್ಲಿ ನಾದಿಟ್ಟ ಹಿಟ್ಟು ಹಾಗೇ ಇತ್ತು, ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಊಟ ಬೇಕು — ಇದನ್ನು ಯಾಕೆ ಬರೆಯುತ್ತಿದ್ದೇನೆ? ಕಾರಣವಲ್ಲ ಇದು. ನಾನು ಹೇಳಿದ್ದು ಇಷ್ಟೆ: “ಹ್ಞೂಂ, ಹಂಗ ಅನ್ಕೋ. ಇದು ಅದಕ್ಕಿಂತ ದೊಡ್ಡದು.”

ಪ್ರಸಾದ ಎಂಬ ಪದ ನಮ್ಮ ಚರ್ಚಿನವರು ಈ ನಾಡಿನ ಜನರಿಂದಲೇ ತೆಗೆದುಕೊಂಡದ್ದು. ಪದದ ಜೊತೆಗೆ ಅದರ ನಡೆಯೂ ಬರುತ್ತದೆಂದು ಯಾರೂ ಯೋಚಿಸಿದಂತಿಲ್ಲ. ನಮ್ಮ ಕಡೆ ಗುಡಿಯ ಪ್ರಸಾದವನ್ನು ಅಲ್ಲೇ ಒಬ್ಬಳೇ ತಿಂದು ಬಾಯಿ ಒರೆಸಿಕೊಂಡು ಬಂದವಳನ್ನು ಏನೆನ್ನುತ್ತಾರೆ? ಹೊಟ್ಟೆಬಾಕಿ ಎನ್ನುತ್ತಾರೆ. ಒಂದು ಚೂರಾದರೂ ಸೆರಗಿಗೆ ಕಟ್ಟಿ ಮನೆಗೆ ತರಬೇಕು; ಮಲಗಿದವರಿಗೆ ಮೊದಲು, ಆಮೇಲೆ ಮಕ್ಕಳಿಗೆ, ಉಳಿದರೆ ನೆರೆಯವರಿಗೆ.

ಮರೆವ್ವ ಹಾಗೆಯೇ ಮಾಡಿದಳು. ಅಂಗೈಯಲ್ಲಿ ಸ್ವೀಕರಿಸಿದ ಬಿಳಿ ರೊಟ್ಟಿಯ ತೆಳು ಬಿಲ್ಲೆಯನ್ನು ಕಣ್ಣಿಗೊತ್ತಿ, ಸೆರಗಿನ ತುದಿಗೆ ಗಂಟು ಹಾಕಿ, ಬಸ್ಸಿನಲ್ಲಿ ಯಾರಿಗೂ ತಗುಲದಂತೆ ಎದೆಗೆ ಹಿಡಿದುಕೊಂಡು ಸಗರಕ್ಕೆ ಹೋದಳು. ಮುಂದಿನ ಭಾನುವಾರ ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ನಗುತ್ತಾ ನನ್ನ ಬಳಿ ಬಂದಳು. ಪಕ್ಕದಲ್ಲೇ ಚರ್ಚಿನ ಆಗಿನ ಗುರುಗಳು, ನಮ್ಮ ಫಾದರ್, ನಿಂತಿದ್ದರು.

“ಟೀಚರ್, ದೊಡ್ಡ ಪ್ರಸಾದ ನಮ್ಮ ಮನಿಯವ್ರಿಗೆ ತಿನ್ಸೀನ್ರಿ! ಮೊನ್ನಿಯಿಂದ ಒಂದೀಟು ಗಂಜಿ ಕುಡ್ಯಾಕತ್ತಾರ. ಹುಡುಗ್ರಿಗೂ ಚೂರ್‌ಚೂರು ಹಂಚೀನಿ. ಬಾಜೂಮನಿ ಹುಸೇನಬಿಗೂ ಕೊಟ್ಟೆ. ಆಕಿ ಅಂತಾಳ, ‘ಏನ ಮರೆವ್ವಾ, ನಿಮ್ಮ ದೇವ್ರು ಸಕ್ರಿ ಹಾಕಾಂಗಿಲ್ಲೇನ, ಸಪ್ಪಗದಲ್ಲ!’”

ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ಗುರುಗಳು ನಗಲಿಲ್ಲ. ಅವರು ಮಂಗಳೂರು ಕಡೆಯವರು, ಪುಸ್ತಕದ ಕನ್ನಡ, ಒಳ್ಳೆಯ ಮನುಷ್ಯ. ಅವರ ಮುಖ ಬಿಳಿಚಿದ್ದನ್ನು ನೋಡಿದೆ. ನಮ್ಮ ನಂಬಿಕೆಯಲ್ಲಿ ಅದು ರೊಟ್ಟಿಯಲ್ಲ, ಸಾಕ್ಷಾತ್ ಸ್ವಾಮಿಯೇ; ಸ್ವೀಕರಿಸಿದವರು ಅಲ್ಲೇ ಸೇವಿಸಬೇಕು. ಅದನ್ನು ಗಂಟು ಕಟ್ಟಿ ಒಯ್ದು, ಚೂರು ಮಾಡಿ ಓಣಿಗೆ ಹಂಚುವುದೆಂದರೆ... ಅವರು ನನ್ನ ಕಡೆ ತಿರುಗಿದರು.

“ಇವರಿಗೆ ಇದನ್ನು ಯಾರು ಕಲಿಸಿದ್ದು? ನೀವು ವಿವರಿಸಿರಲಿಲ್ಲವೇ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಟೀಚರ್. ಸೀರೆಗೆ ಪಿನ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂಡುವವಳು. ‘ಇಲ್ಲ ಫಾದರ್, ನನಗೇ ಸರಿಯಾಗಿ ಗೊತ್ತಿಲ್ಲ’ — ಇಷ್ಟು ಹೇಳಿದ್ದರೆ ಸಾಕಿತ್ತು.

“ಹೇಳಿದ್ದೆ ಫಾದರ್, ಚಂದಂಗಿ ಹೇಳಿದ್ದೆ,” ಎಂದೆ. “ಹೇಳಿದ್ರೂ ಬೇಕಂತನ ಮಾಡ್ಯಾಳ.”

ಮರೆವ್ವ ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ; ಬಸ್ಸು ತಪ್ಪಿಸಿಕೊಂಡವರು ದಾರಿ ನೋಡುತ್ತಾರಲ್ಲ, ಹಾಗೆ. ಸರಿಯಾಗಿ ಕಲಿತು, ಪಾಪನಿವೇದನೆ ಮಾಡುವವರೆಗೆ ಪ್ರಸಾದಕ್ಕೆ ಮುಂದೆ ಬರಬೇಡ ಎಂದರು ಗುರುಗಳು. ನಾನು ಹೇಳಿದ್ದನ್ನು ನಂಬಿದ ಮೇಲೆ ಅವರಾದರೂ ಇನ್ನೇನು ಹೇಳಬೇಕು? ಅವಳು ಬುಟ್ಟಿ ತಲೆಗೆ ಏರಿಸಿಕೊಂಡು ಹೋದಳು. ಮತ್ತೆ ಬರಲಿಲ್ಲ. ನಾನು ಕರೆಯಲಿಲ್ಲ. ಬರದಿದ್ದರೇ ಒಳ್ಳೆಯದೆಂದು — ಹೌದು, ಹಾಗೆಂದುಕೊಂಡೆ.

ಸ್ವಲ್ಪ ದಿನಕ್ಕೆ ಸಾಯಬಣ್ಣ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಹೆಣದ ಪಕ್ಕದಲ್ಲಿ ಮರೆವ್ವ ಅಳುತ್ತಿರಲಿಲ್ಲ, ಹೇಳುತ್ತಿದ್ದಳು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು: “ನಾನ ಕೊಂದೆ. ದೇವ್ರ ಪ್ರಸಾದ ಕದ್ದು ತಂದು ತಿನ್ಸಿದೆ. ಅದಕ್ಕ ಹೋದ್ರು.”

ಅವಳಿಂದ ಮಾರು ದೂರದಲ್ಲಿ ನಾನು ಜಪಸರ ಹಿಡಿದು ನಿಂತಿದ್ದೆ. ‘ನಮೋ ಮರಿಯ’ ಹೇಳಿಸುತ್ತಿದ್ದವಳು ನಾನೇ. ಅವಳ ಮಾತು ಕೇಳಿಸಬಾರದೆಂದು ದನಿ ಏರಿಸಿದೆ. ಅಂಗಳದಲ್ಲಿ ಹೇಳಿದ ಸುಳ್ಳು ಹೆದರಿಕೆಯದ್ದು. ಇದು ಹಾಗಲ್ಲ. ಇಲ್ಲಿ ನನಗೆ ಹೊತ್ತಿತ್ತು, ಅವಳು ಎದುರಿಗಿದ್ದಳು, ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಇನ್ನೊಂದು ಮಾತು, ಎಲ್ಲಕ್ಕಿಂತ ಕಹಿಯಾದದ್ದು. ಏಳಲಾಗದ ರೋಗಿಗಳಿಗೆ ಗುರುಗಳೇ ಪರಮ ಪ್ರಸಾದವನ್ನು ಮನೆಗೆ ತಂದು ಕೊಡುತ್ತಾರೆ. ಅದಕ್ಕೆ ಕ್ರಮವಿದೆ, ಪ್ರಾರ್ಥನೆಯಿದೆ. ಮರೆವ್ವ ಬಯಸಿದ್ದು ತಪ್ಪಾಗಿರಲೇ ಇಲ್ಲ. ಕೇಳಬಹುದು ಎಂಬುದು ಅವಳಿಗೆ ತಿಳಿಯಬೇಕಿತ್ತು, ಅಷ್ಟೆ. ನಾನು ಯಾವ ಪಾಠದಲ್ಲೂ ಅದನ್ನು ಹೇಳಿರಲಿಲ್ಲ. ಪುಸ್ತಕದ ಪ್ರಶ್ನೆಗಳಲ್ಲಿ ಅದಿರಲಿಲ್ಲ.

ಈ ವರ್ಷ ಯಾದಗಿರಿಯಲ್ಲಿ ನಮ್ಮಂಥ ಉಪದೇಶಿಗಳಿಗೆ ಸಭೆ ಕರೆದಿದ್ದರು. ನಮ್ಮ ಜನರಿಗೆ ತಮ್ಮ ಧರ್ಮವೇ ತಿಳಿದಿಲ್ಲ, ಕಲಿಸುವುದನ್ನು ಸುಧಾರಿಸುವುದು ಹೇಗೆ ಎಂದು ಮಾತು. ಊಟದ ಹೊತ್ತಿಗೆ ಸುರಪುರದ ಕಡೆಯ ಒಬ್ಬ ಉಪದೇಶಿ ನಗಿಸಲು ಒಂದು ಕತೆ ಹೇಳಿದ. “ಏನ್ ಕಲಸ್ತೀರಿ ಈ ಮಂದಿಗೆ? ಸಗರದಾಗ ಒಬ್ಬಾಕಿ ಪರಮ ಪ್ರಸಾದ ಊರ್ ತುಂಬ ಹಂಚಿದ್ಳಂತ, ನಾಗರಪಂಚಮಿ ಉಂಡಿ ಹಂಚಿದಂಗ!” ತಟ್ಟೆ ಹಿಡಿದವರೆಲ್ಲ ನಕ್ಕರು.

ನಾನೂ ನಕ್ಕೆ.

ಅನ್ನ ಉಳಿದ ತಟ್ಟೆಯನ್ನು ಹಾಗೇ ಇಟ್ಟು ಎದ್ದೆ. ವಾಪಸು ಬಂದು ನಮ್ಮ ಈಗಿನ ಗುರುಗಳ ಬಳಿ ಪಾಪನಿವೇದನೆ ಮಾಡಿದೆ. ಕ್ಷಮೆ ಸಿಕ್ಕಿತು. “ಆದರೆ ಅವಳ ಹತ್ತಿರ ಹೋಗು,” ಎಂದರು. ನಾನು ಪಿಸುಮಾತಿನಲ್ಲಿ ಒಪ್ಪಿಕೊಂಡದ್ದು ಪಾಪನಿವೇದನೆಯ ಗೂಡಿನ ಜಾಲರಿಯ ಆಚೆಗಿನ ಒಂದು ಕಿವಿಗೆ. ಅಂಗಳದಲ್ಲಿ ಸುಳ್ಳು ಹೇಳಿದಾಗ ನನ್ನ ದನಿ ಗಟ್ಟಿಯಾಗಿಯೇ ಇತ್ತು.

ಸಗರಕ್ಕೆ ಹೋದೆ. ಮರೆವ್ವ ಬಾಗಿಲ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. “ಬರ್ರಿ ಟೀಚರ್, ಕುಂದರ್ರಿ,” ಎಂದು ಚಾಪೆ ಹಾಕಿದಳು, “ಏ ಹುಡುಗಿ, ಚಾ ಇಡು” ಎಂದು ಒಳಗಿದ್ದ ಸೊಸೆಗೆ ಕೂಗಿದಳು. ನಾನು ಹೇಳಿದೆ. ಎಲ್ಲವನ್ನೂ, ಅಡ್ಡ ದಾರಿ ಹಿಡಿಯದೆ. ನೀನು ಕದಿಯಲಿಲ್ಲ, ನಾನು ನಿನಗೆ ಹೇಳಿಯೇ ಇರಲಿಲ್ಲ, ಸಾಯಬಣ್ಣ ಹೋದದ್ದು ಕಲ್ಲಿನ ಧೂಳಿನಿಂದ.

ಮೊರದಲ್ಲಿ ಅವಳ ಕೈ ನಿಂತಿತು.

“ನೀವು ಹೇಳಿದ್ದಿಲ್ಲ?”

“ಇಲ್ಲ ಮರೆವ್ವ.”

“ನೀವು ಹೇಳೀನಿ ಅಂದ್ರಿ. ಓದಿದಾಕಿ, ಸುಳ್ಳ್ಯಾಕ ಹೇಳ್ತಾಳ, ನಾನ ಮರ್ತೀನೇನೋ ಅನ್ಕೊಂಡೆ. ರಾತ್ರೆಲ್ಲ ಕುಂತು ನೆನಪು ಮಾಡ್ಕೊಂಡೀನ್ರಿ ಟೀಚರ್, ಯಾವಾಗ ಹೇಳಿದ್ರು, ಯಾವಾಗ ಹೇಳಿದ್ರು ಅಂತ.” ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. “ಹೆಣದ ಮುಂದ ನಾ ಅನ್ನಾಕತ್ತಿದ್ದು ಕೇಳಿದ್ರಿ?”

“ಕೇಳಿದ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆನೇನೋ. ಅಷ್ಟರಲ್ಲಿ ಸೊಸೆ ಎರಡು ಕಪ್ಪಿನಲ್ಲಿ ಚಹಾ ತಂದಳು. ಮರೆವ್ವ ಮೊರದಿಂದ ಕಣ್ಣೆತ್ತಲಿಲ್ಲ.

“ಒಳಗ ಒಯ್ಯವ್ವಾ,” ಎಂದಳು. “ಟೀಚರ್ ಹೊಂಟಾರ.”

ಈ ಸೀಮೆಯಲ್ಲಿ ಚಹಾ ಕುಡಿಸದೆ ಯಾರನ್ನೂ ಕಳಿಸುವುದಿಲ್ಲ, ಜಗಳವಾಡಿದವರನ್ನೂ. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳುತ್ತೇನೆ. ಗುರುಗಳಿಗೆ ತಿಳಿಸಿದ್ದೇನೆ, ನನ್ನ ಗಂಡನಿಗೂ. ಆಮೇಲೆ ನನ್ನ ಮುಂದೆ ಮಕ್ಕಳನ್ನು ಕೂಡಿಸುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಮರೆವ್ವ ಬರುವುದಿಲ್ಲ. ಬಾ ಎಂದು ಕರೆಯಲು ನನಗೆ ಬಾಯಿಲ್ಲ. ಅವಳು ಇಲ್ಲದ ಅಂಗಳದಲ್ಲಿ ಅವಳ ಹೆಸರು ಹಿಡಿದು, ಅವಳು ತಪ್ಪು ಮಾಡಿರಲಿಲ್ಲ ಎಂದು ಹೇಳಬೇಕು — ಅದೂ ಪಿಸುಮಾತಿನಲ್ಲಲ್ಲ.