ಕೀರ್ತಿ ಗೋಡೆಯ ಮೇಲಿಲ್ಲದ ಮಿಲ್ಲಮ್ಮ

ಬಿಸಿ ರಾಗಿಹಿಟ್ಟಿನ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಅಬ್ಬಿಗೆರೆಯಲ್ಲಿ ಬಸ್ಸಿಳಿದು ಹೋಗುವಾಗ ಒಂದು ಹಿಟ್ಟಿನ ಗಿರಣಿ ಸಿಕ್ಕಿತು. ಆಗತಾನೆ ಬೀಸಿದ ರಾಗಿಯ ಆ ಸುಟ್ಟಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುರಸ್ತೆಯಲ್ಲಿ ನನ್ನ ಹಲ್ಲು ತಾನಾಗಿಯೇ ಕಚ್ಚಿಕೊಂಡಿತು. ಎಷ್ಟು ವರ್ಷವಾಯಿತು... ಆ ಸಿಟ್ಟು ಇನ್ನೂ ಆರಿಲ್ಲ.

ಆಗ ನಾವು ಮತ್ತಿಕೆರೆಯಲ್ಲಿದ್ದೆವು. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮನೆಯ ಮಗ್ಗುಲಲ್ಲೇ ಅವರ ಮಿಲ್ಲು. ಬೀದಿಗೆಲ್ಲ ಅವರು ಮಿಲ್ಲಮ್ಮ. ಅರವತ್ತು ದಾಟಿದ, ಗಿಡ್ಡ ಆಳಿನ, ಅಗಲ ಹೆಗಲಿನ ಹೆಂಗಸು. ಯಾವಾಗ ನೋಡಿದರೂ ತಲೆಗೊಂದು ಟವೆಲ್ಲು, ಕಿವಿ ಮುಚ್ಚುವ ಹಾಗೆ ಬಿಗಿದು ಕಟ್ಟಿರುತ್ತಿದ್ದರು. ಹಿಟ್ಟಿನ ಧೂಳಿಗೆ ಎಂದುಕೊಂಡಿದ್ದೆ. ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಯಿತು. ಸೆಕೆ ತಡೆಯಲಾರದೆ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು. ಎರಡು ಕಿವಿಯೂ ಮುದುಡಿ ಗಂಟು ಕಟ್ಟಿದ್ದವು. ಅಂಥ ಕಿವಿ ನಾನು ಕ್ರೀಡಾಕೂಟಗಳಲ್ಲಿ ನೋಡಿದ್ದೆ, ವರ್ಷಗಟ್ಟಲೆ ಎದುರಾಳಿಯ ತಲೆಗೆ ತಲೆ ಕೊಟ್ಟು ಉಜ್ಜಿದ ಗಂಡಸರಿಗೆ.

"ಅಮ್ಮ, ನೀವು ಕುಸ್ತಿ ಆಡ್ತಿದ್ರಾ?"

ಅವರು ಅತ್ತಿತ್ತ ನೋಡಿದರು. "ಮೆತ್ತಗೆ ಮಾತಾಡಿ ಮಿಸ್ಸು. ನನ್ ಮಗಂಗೆ ಆಗಕ್ಕಿಲ್ಲ."

ಕರೆಂಟು ಬರುವಷ್ಟರಲ್ಲಿ ಅರ್ಧ ಕಥೆ ಹೇಳಿದರು, ಮಿಕ್ಕದ್ದು ಆಮೇಲೆ ಆಗೊಮ್ಮೆ ಈಗೊಮ್ಮೆ. ಅಪ್ಪ ಪೈಲ್ವಾನ್. ಗಂಡುಮಕ್ಕಳಿಲ್ಲ, ಮಗಳಿಗೇ ಕಲಿಸಿದ. ಹದಿನೆಂಟು ತುಂಬುವ ಹೊತ್ತಿಗೆ ಟಿಕೆಟ್ ಇಟ್ಟು ಕುಸ್ತಿ ತೋರಿಸುವ ಒಂದು ಕಂಪನಿ ಸೇರಿಕೊಂಡರು. ದಾವಣಗೆರೆ, ಹುಬ್ಬಳ್ಳಿ, ಸೊಲ್ಲಾಪುರ... ಊರೂರಿನ ಮೈದಾನದಲ್ಲಿ ಡೇರೆ. ಮೊದಲು ಜನರಲ್ಲಿ ಯಾರಾದರೂ ಬಂದು ಈ ಹೆಂಗಸನ್ನು ಕೆಡವಲಿ ಎಂಬ ಸವಾಲು. ಬಂದವರನ್ನೆಲ್ಲ ಇವರು ನಿಜವಾಗಿಯೇ ಚಿತ್ ಮಾಡುತ್ತಿದ್ದರು. ಕೊನೆಗೆ ಕಂಪನಿಯ ಹೀರೋ ಬರುತ್ತಿದ್ದ. ಅವನಿಗೆ ಇವರು ಸೋಲಬೇಕು. ಅದು ಒಪ್ಪಂದ.

"ಗೆಲ್ಲೋದು ಸೋಲೋದು ಮೊದ್ಲೇ ಮಾತಾಗಿರ್ತಿತ್ತು. ಆದ್ರೆ ಬೀಳೋದು ನಿಜವಾಗ್ಲೂ ಬೀಳ್ಬೇಕಲ್ಲ ಮಿಸ್ಸು. ಮೂಳೆಗೇನ್ ಗೊತ್ತು ಇದು ನಾಟಕ ಅಂತ?"

ಅದೇ ಹೀರೋ ಆಮೇಲೆ ಯಲಹಂಕದ ಕಡೆ ನೆಲೆ ನಿಂತು, ಹುಡುಗರಿಗೆ ಕಲಿಸುತ್ತ ಉಸ್ತಾದ್ ಎನಿಸಿಕೊಂಡಿದ್ದರು. ದೊಡ್ಡ ಹೆಸರು, ದೊಡ್ಡ ಮೀಸೆ.

ಆ ಹೊತ್ತಿಗೆ ನಮ್ಮ ಏರಿಯಾದ ಹಳೇ ಗರಡಿಮನೆ ಕೆಡವಿ ಹೊಸದಾಗಿ ಕಟ್ಟಿದರು. ಕಟ್ಟಿಸಿದವರು ಒಬ್ಬ ಬಿಲ್ಡರ್, ಮೂಲ ಊರಿನ ಗೌಡರ ಮನೆಯವರು. ಅಮೆರಿಕದ ಟೀವಿ ಕುಸ್ತಿಯಲ್ಲಿ ಹಾಲ್ ಆಫ್ ಫೇಮ್ ಅಂತ ಇದೆಯಂತೆ, ನಮಗೂ ಒಂದು ಇರಲಿ ಎಂದು ಅವರ ಮಗ ಹೇಳಿದನಂತೆ. ಒಳಗಿನ ಒಂದು ಗೋಡೆ ಪೂರ್ತಿ ಹಳೇ ಪೈಲ್ವಾನರ ಫೋಟೋ, ಕೆಳಗೆ ನಾಲ್ಕು ಸಾಲು. ಕೀರ್ತಿ ಗೋಡೆ. ಯಾರನ್ನು ಹಾಕಬೇಕು ಎಂದು ತೀರ್ಮಾನಿಸಲು ಕಮಿಟಿ ಮಾಡಿದರು. 'ಲೇಡೀಸು ಒಬ್ರು ಇರ್ಲಿ' ಎಂದು ನನ್ನನ್ನೂ ಕೂರಿಸಿದರು.

ಭಾನುವಾರ ಬೆಳಿಗ್ಗೆ ಬಿಲ್ಡರ್ ಆಫೀಸಿನಲ್ಲಿ ಮೀಟಿಂಗು. ಏನು ಜಗಳ ಅಂತೀರಿ! ಒಬ್ಬರು ತಮ್ಮ ತಾತನೇ ದೊಡ್ಡ ಪೈಲ್ವಾನ್ ಎಂದರು, ಆ ತಾತ ಆಡಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಆದರೂ ತಾತ ಗೋಡೆ ಹತ್ತಿದ. ಬಿಲ್ಡರ್ ಅವರ ಅಪ್ಪ ಗರಡಿಗೆ ಮಣ್ಣು ಹೊಡೆಸಿಕೊಟ್ಟಿದ್ದರಂತೆ, ಅವರೂ ಹತ್ತಿದರು. ಉಸ್ತಾದ್ ಅವರ ಬಗ್ಗೆಯಂತೂ ಮಾತೇ ಇಲ್ಲ, ನಟ್ಟನಡುವೆ ಅವರ ಫೋಟೋ ಎಂದಾಯಿತು.

ಗೋಡೆಯ ವಿಷಯ ಮಿಲ್ಲಮ್ಮನಿಗೆ ನಾನೇ ಹೇಳಿದ್ದೆ. ಮಾರನೇ ದಿನ ಹಿಟ್ಟು ಅಳೆಯುತ್ತ, ಮುಖ ನೋಡದೆ ಕೇಳಿದರು: "ನಂದೂ ಒಂದ್ ಫೋಟೋ ಆಕ್ತಾರಾ... ಕೇಳ್ ನೋಡಿ." ಯಾರಿಗೂ ಗೊತ್ತಾಗಬಾರದು ಎಂದಿದ್ದ ಹೆಂಗಸು!

ಮುಂದಿನ ಮೀಟಿಂಗಿನಲ್ಲಿ ಕೇಳಿದೆ. ಬಿಲ್ಡರ್ ನಕ್ಕರು. "ಮಿಸ್, ಅದು ಟಿಕೆಟ್ ಕುಸ್ತಿ. ಸರ್ಕಸ್ ಇದ್ದಂಗೆ. ಅದನ್ನೆಲ್ಲ ಹಾಕಕ್ಕಾಗುತ್ತಾ?"

"ನೀವು ಕಾಪಿ ಹೊಡೀತಿರೋ ಅಮೆರಿಕದ ಕುಸ್ತಿ ಇನ್ನೇನು? ಉಸ್ತಾದ್ರು ಆಡಿದ್ದೂ ಅದೇ ಕಂಪನೀಲಿ ತಾನೇ?"

"ಅವ್ರು ಗೆದ್ದೋರು ಕಣ್ರೀ."

"ಯಾರ ಮೇಲೆ ಗೆದ್ರು? ಈಯಮ್ಮ ದಿನಾ ಬೆನ್ನು ಕೊಟ್ಟು ಬಿದ್ದಿದ್ದಕ್ಕಲ್ವಾ ಅವ್ರು ಗೆದ್ದಿದ್ದು?"

ಕೋಣೆ ಬಿಸಿಯಾಯಿತು. ತಾತನ ಮೊಮ್ಮಗ ಬಾಯಿ ಬಿಟ್ಟ: "ಗಂಡಸು ಹೆಂಗ್ಸಿನ ಮೇಲೆ ಗೆದ್ದ ಅಂತ ಬರೆದ್ರೆ ಉಸ್ತಾದ್ರ ಮರ್ಯಾದೆ ಏನಾಗ್ಬೇಕು ಮೇಡಂ?"

ಅಂದರೆ ಗೆದ್ದದ್ದು ಬೇಕು, ಗೆಲ್ಲಿಸಿದವಳು ಬೇಡ. ನಾನು ಮೇಜು ಗುದ್ದಿದೆ. ಕೊನೆಗೆ ಬಿಲ್ಡರ್ ಒಂದು ದಾರಿ ಹೇಳಿದರು: ಮುಂದಿನ ವಾರ ಉಸ್ತಾದ್ ಅವರನ್ನೇ ಕರೆಸೋಣ. ಅವರು ಹೌದು ಅಂದರೆ ಹಾಕೋಣ.

ಮಿಲ್ಲಮ್ಮನಿಗೆ ತಿಳಿಸಿದರೆ ಮುಖವೆಲ್ಲ ಬೆಳಗಿತು. "ಅವ್ನು ಯೋಳ್ತಾನೆ ಬಿಡಿ. ಕುಡ್ದ್ ಬಂದು ಆಡಿ ಎಗಲು ಜಾರಿಸ್ಕೊಂಡಾಗ ನಾನೇ ಕೂರ್ಸಿದ್ದು." ಭಾನುವಾರ ಮಿಲ್ಲು ಮುಚ್ಚಿ, ರೇಷ್ಮೆ ಅಂಚಿನ ಸೀರೆಯುಟ್ಟು ಬಂದರು. ತಲೆಗೆ ಟವೆಲ್ಲಿರಲಿಲ್ಲ. ಕೂದಲು ಹಿಂದಕ್ಕೆ ಬಾಚಿ, ಎರಡೂ ಕಿವಿ ಕಾಣುವ ಹಾಗೆ ಬೀದಿಯಲ್ಲಿ ನನ್ನ ಜೊತೆ ನಡೆದರು.

ಉಸ್ತಾದ್ ಶಾಲು ಹೊದ್ದು ಕೂತಿದ್ದರು. ಬಿಲ್ಡರ್ ಕೇಳಿದರು: "ಇವ್ರು ನಿಮ್ಮ ಜೊತೆ ಆಡ್ತಿದ್ರಂತೆ, ಹೌದಾ?"

ಆ ಮನುಷ್ಯ ಇವರನ್ನು ನೋಡಿದರು. ಗುರುತು ಹತ್ತಿದ್ದು ನನಗೆ ಚೆನ್ನಾಗಿ ಕಂಡಿತು. ಕಣ್ಣು ಒಮ್ಮೆ ಕಿವಿಗೆ ಹೋಯಿತು, ಕೆಳಗಿಳಿಯಿತು. ಆಮೇಲೆ ಮೀಸೆ ಸವರಿಕೊಂಡು ಹೇಳಿದರು:

"ಕಂಪನೀಲಿ ಅಡಿಗೆಗೆ ಅಂತ ಒಬ್ರಿದ್ರು. ಅವ್ರಿರ್ಬೇಕು."

ಯಾರೋ ಕಿಸಕ್ಕೆಂದರು. ಮಿಲ್ಲಮ್ಮ ಅಳಲಿಲ್ಲ, ಕೂಗಲಿಲ್ಲ. ನೇರ ಅವರ ಮುಂದೆ ಹೋಗಿ, ಕುಸ್ತಿಗೆ ಮೊದಲು ಕೈ ಕೊಡುವ ಹಾಗೆ ಬಲಗೈ ಚಾಚಿದರು.

"ಕೈ ಕೊಡೋ."

ಉಸ್ತಾದ್ ಅಲ್ಲಾಡಲಿಲ್ಲ.

"ಅಡಿಗೆಯವಳ ಕೈ ತಾನೇ? ಯಾಕೋ ಎದರ್ತೀಯ?"

ಉಸ್ತಾದರ ಕೈ ಮೆಲ್ಲಗೆ ಶಾಲಿನೊಳಗೆ ಸರಿಯಿತು. ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಅದನ್ನು ನೋಡಿದರು. ಇನ್ನು ಯಾವ ಸಾಕ್ಷಿ ಬೇಕಿತ್ತು? ಆದರೂ ಬಿಲ್ಡರ್ ಗಂಟಲು ಸರಿಮಾಡಿಕೊಂಡು, "ಸರಿ, ಕ್ಲಿಯರ್ ಆಯ್ತಲ್ಲ, ಕಾಫಿ ತರ್ಸೋಣ" ಅಂದರು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಅವರಿಗೆಲ್ಲ ಗೊತ್ತಿತ್ತು. ನಾನು ಅವತ್ತೇ ಕಮಿಟಿ ಬಿಟ್ಟೆ. ಹೊರಡುವಾಗ ಆಡಬಾರದ ಮಾತನ್ನೆಲ್ಲ ಆಡಿದೆ. ಆಡಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

ಗೋಡೆಯ ಉದ್ಘಾಟನೆ ಪಟಾಕಿ ಹೊಡೆದು ನಡೆಯಿತು. ಮಿಲ್ಲಮ್ಮ ಮತ್ತೆ ಟವೆಲ್ಲು ಕಟ್ಟಿಕೊಂಡರು.

ಕೆಲವು ತಿಂಗಳು ಕಳೆದಿರಬೇಕು... ನಾನು ಗೋಧಿ ಬೀಸಿಸಲು ಮಿಲ್ಲಿನಲ್ಲಿ ಕಾದಿದ್ದೆ. ನನ್ನ ಹಿಂದೆ ಬೇರೆಯವರೂ ಇದ್ದರು. ಆಟೋದಿಂದ ಉಸ್ತಾದ್ ಇಳಿದರು. ಕೈಯಲ್ಲೊಂದು ರಾಗಿ ಚೀಲ. ಯಲಹಂಕದಲ್ಲಿ ಮಿಲ್ಲು ಇಲ್ಲವೇ? ನೇರ ಮೆಷಿನ್ ಪಕ್ಕ ಹೋಗಿ, ಮಿಲ್ಲಮ್ಮನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳತೊಡಗಿದರು. ಆ ಸದ್ದಿನಲ್ಲಿ ನಮಗೆ ಒಂದಕ್ಷರವೂ ಕೇಳಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಕಣ್ಣಲ್ಲಿ ನೀರಿತ್ತು.

ಮಿಲ್ಲಮ್ಮ ಕೈ ಎತ್ತಿ ಸ್ವಿಚ್ ಆರಿಸಿದರು. ಬೆಲ್ಟು ನಿಧಾನವಾಗಿ ತಿರುಗಿ ನಿಂತಿತು. ಬೀದಿಯ ಸದ್ದೆಲ್ಲ ಒಳಗೆ ಬಂತು.

"ಈಗ ಯೋಳು," ಎಂದರು. "ಇಷ್ಟ್ ಜನ ಅವ್ರೆ. ಈಗ ಯೋಳು."

ಉಸ್ತಾದ್ ನಮ್ಮನ್ನೆಲ್ಲ ನೋಡಿದರು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಹೇಳು ಮಾರಾಯ, ಒಂದೇ ಒಂದು ಮಾತು... ಅವರು ಚೀಲ ಎತ್ತಿಕೊಂಡು ಆಟೋ ಹತ್ತಿದರು.

ಮಿಲ್ಲಮ್ಮ ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಡಬ್ಬಿ ಕೊಡುತ್ತ, "ಸದ್ದಲ್ಲಿ ತಪ್ಪೊಪ್ಕೊಳಕ್ಕೆ ಬಂದವ್ನೆ ನನ್ಮಗ," ಎಂದರು. ಅವರು ಬೈದದ್ದು ನಾನು ಕೇಳಿದ್ದು ಅದೊಂದೇ ಸಲ.

ಅವರು ತೀರಿಕೊಂಡು ಈಗ ಎರಡು ವರ್ಷ. ನಿದ್ದೆಯಲ್ಲೇ ಹೋದರು. ಬೀದಿ ತುದಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟುವಾಗ, ಹೆಸರಿನ ಕೆಳಗೆ ಕುಸ್ತಿಪಟು ಅಂತ ಹಾಕಿಸಪ್ಪ ಎಂದು ಅವರ ಮಗನಿಗೆ ಹೇಳಿದೆ. ಅವನು ಕೈ ಮುಗಿದ. "ಬೇಡ ಮಿಸ್. ಡೇರೇಲಿ ಗಂಡಸರ ಜೊತೆ ಆಡ್ತಿದ್ರು ಅಂದ್ರೆ ಜನ ಏನೇನೋ ಅಂತಾರೆ. ನೀವೂ ಎಲ್ಲೂ ಹೆಸರು ಹೇಳ್ಬೇಡಿ." ತಾಯಿಯನ್ನು ಕಳೆದುಕೊಂಡ ಮಗ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಮಾತು ಕೊಟ್ಟೆ.

ಉಸ್ತಾದರೂ ಈಗಿಲ್ಲ. ಗೋಡೆಯ ನಡುವೆ ಅವರ ಫೋಟೋಗೆ ಹಾರ ಬಿದ್ದಿದೆ ಎಂದು ಕೇಳಿದೆ. ಇಬ್ಬರೂ ಹೋದರಲ್ಲ, ಇನ್ನಾದರೂ ಬಿಡಿ ಮಿಸ್ ಎನ್ನುತ್ತಾರೆ ಜನ. ಏನನ್ನು ಬಿಡಲಿ? ಗೋಡೆ ಇನ್ನೂ ಇದೆಯಲ್ಲ. ದಿನಾ ಬೆಳಿಗ್ಗೆ ಹುಡುಗರು ಅದಕ್ಕೆ ಕೈ ಮುಗಿದೇ ವ್ಯಾಯಾಮಕ್ಕೆ ಇಳಿಯುತ್ತಾರಂತೆ. ಈಗೀಗ ಹುಡುಗಿಯರೂ ಬರುತ್ತಾರಂತೆ. ಅವರೂ ಮುಗಿಯುತ್ತಾರೆ, ಮಣ್ಣು ಹೊಡೆಸಿದವರಿಗೆ, ಯಾರೂ ಕಾಣದ ತಾತನಿಗೆ...

ಇದನ್ನು ಬರೆಯುವಾಗ ಮಿಲ್ಲಮ್ಮನ ನಿಜವಾದ ಹೆಸರನ್ನು ಮೂರು ಕಡೆ ಬರೆದಿದ್ದೆ. ಅವರ ಮಗನಿಗೆ ಕೊಟ್ಟ ಮಾತು ನೆನಪಾಗಿ ಮೂರು ಕಡೆಯೂ ಹೊಡೆದುಹಾಕಿದೆ. ಅವರ ಹೆಸರು ಇಲ್ಲೂ ಇಲ್ಲ.