ಅರವತ್ತಾರೋ ತೊಂಬತ್ತೊಂಬತ್ತೋ

ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಕೇಬಲ್ಲನ್ನೂ ತಪ್ಪು ಜಾಗಕ್ಕೆ ಸಿಕ್ಕಿಸಿಲ್ಲ ಎಂಬುದು ನಮ್ಮಕ್ಕನ ಜಂಬ. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಅವಳ ಕೆಲಸ ನೆಲದಡಿಯ ಸುರಂಗದಲ್ಲಿ. ಅಲ್ಲಿ ಅತಿ ಸಣ್ಣ ಕಣಗಳನ್ನು ಗಿರಗಿರನೆ ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಾರೆ. ಇದುವರೆಗೆ ಯಾರೂ ಕಾಣದ ಹೊಸ ಕಣ ಹುಟ್ಟೀತೇ ಎಂದು ಕಾಯುತ್ತಾರೆ. ಡಿಕ್ಕಿಯ ಸುದ್ದಿ ಕಂಪ್ಯೂಟರಿಗೆ ಮುಟ್ಟುವುದು ನಂಬರಿನ ಚೀಟಿ ಅಂಟಿಸಿದ ಸಾವಿರಾರು ಕೇಬಲ್‌ಗಳ ಮೂಲಕ. ಅವುಗಳ ಯಜಮಾನಿ ಇವಳು.

"ಕಣ ಅಂದ್ರೆ ಒಕ್ಕಣೆ ಮಾಡೋ ಜಾಗ ಅಲ್ವೇನೇ? ಅಷ್ಟು ದೊಡ್ಡದನ್ನ ಹೇಗೆ ಕಳ್ಕೊಂಡ್ರಿ?" ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ಎರಡು ದಿನ ಇಬ್ಬರ ಜೊತೆಗೂ ಮಾತು ಬಿಟ್ಟಳು.

ಅವಳ ನಿವೃತ್ತಿಗೆ ಮೂರು ವಾರವಿದ್ದಾಗ ಡಿಕ್ಕಿಗಳ ಗ್ರಾಫಿನಲ್ಲೊಂದು ಉಬ್ಬು ಕಾಣಿಸಿತು. ಚಪ್ಪಟೆಯಾಗಿರಬೇಕಾದ ಕಡೆ ಉಬ್ಬಿದೆಯೆಂದರೆ ಅದು ಹೊಸ ಕಣವಿರಬಹುದು! ಮೊದಲು ಕಂಡವಳು ಒಬ್ಬ ಸಂಶೋಧಕಿ. ಅಕ್ಕ ಅವಳನ್ನು ಕನ್ನಡಕದ ಹುಡುಗಿ ಎನ್ನುತ್ತಾಳೆ. "ನೀವು ಹೋಗೋಕ್ ಮುಂಚೆನೇ ಸಿಕ್ತಲ್ಲಾ ಅಕ್ಕಾ!" ಎಂದು ಆ ಹುಡುಗಿ ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳಂತೆ. ಅಕ್ಕನ ತೂಕ ನನಗೆ ಗೊತ್ತು. ಪಾಪ, ಹುಡುಗಿಯ ಸೊಂಟ!

ಮಾರನೆಯ ಬೆಳಿಗ್ಗೆ ಅಕ್ಕ ಅಡುಗೆಮನೆಯ ಸಿಂಕಿನಡಿ ಅಂಗಾತ ಮಲಗಿ ಸೋರುವ ಪೈಪು ಬಿಗಿ ಮಾಡುತ್ತಿದ್ದಳು. ನಾನು ಸ್ಪ್ಯಾನರ್ ಕೊಟ್ಟೆ.

"ಒಂಬತ್ತು ಕೇಳಿದ್ರೆ ಆರು ಕೊಡ್ತೀಯಲ್ಲೇ ಮಂಕೇ!"

"ಒಂಬತ್ತೇ ಅದು. ತಲೆಕೆಳಗಾಗಿ ಹಿಡ್ಕೊಂಡಿದೀಯ."

ಅಕ್ಕ ಸ್ಪ್ಯಾನರ್ ತಿರುಗಿಸಿ ನೋಡಿದಳು. ಆಮೇಲೆ, "ಅಯ್ಯಯ್ಯೋ! ಹೋದ ತಿಂಗಳ ರಿಪೇರೀಲಿ ನಾನು ಹೀಗೇ ಮಲಗಿ ಕೇಬಲ್ ಚೀಟಿ ತಲೆಕೆಳಗಾಗಿ ಓದಿದೀನಿ ಕಣೇ! ಅರವತ್ತಾರನೇ ಕೇಬಲ್ ಜಾಗಕ್ಕೆ ತೊಂಬತ್ತೊಂಬತ್ತು, ಅದರ ಜಾಗಕ್ಕೆ ಇದು. ಅದಲು ಬದಲು ಮಾಡ್ಬಿಟ್ಟಿದೀನಿ! ಆ ಉಬ್ಬು ಅದ್ರಿಂದ್ಲೇ ಬಂದಿರ್ಬೇಕು!"

ಸ್ಪ್ಯಾನರ್ ಬಿಸಾಕಿ ಎದ್ದು ಕೂತಳು. "ಮೂರೇ ವಾರ. ಸುಮ್ನಿದ್ಬಿಡು, ಯಾರಿಗೆ ಗೊತ್ತಾಗುತ್ತೆ?" ಎಂದೆ.

"ಇಲ್ಲದ್ದರ ಹಿಂದೆ ಆ ಹುಡುಗಿ ವರ್ಷಗಟ್ಟಲೆ ಓಡ್ಲಾ? ಬಾಯ್ಮುಚ್ಚು!"

ಅಂದೇ ಸಭೆಯಲ್ಲಿ ಎಲ್ಲರೆದುರು ಹೇಳಿದಳು. ಕಂಪ್ಯೂಟರಿನಲ್ಲಿ ಎರಡು ನಂಬರ್ ಅದಲು ಬದಲು ಮಾಡಿ ಲೆಕ್ಕ ಹಾಕಿದರೆ, ಮಧ್ಯಾಹ್ನದೊಳಗೆ ಉಬ್ಬು ಮಾಯ. ಅಕ್ಕ ತಲೆ ತಗ್ಗಿಸಿ ಕೂತಳು. ಆಗ ಕನ್ನಡಕದ ಹುಡುಗಿ ಎದ್ದು ನಿಂತಳಂತೆ.

"ಆ ಕೇಬಲ್‌ಗಳ ಮೇಲೆ ನಂಗೆ ನಿನ್ನೇನೇ ಅನುಮಾನ ಬಂದಿತ್ತು ಅಕ್ಕಾ. ಹೊಸ ಕಣಾನೇ ಆಗಿರ್ಲಿ ಅನ್ನೋ ಆಸೆ. ಹೇಳೋಕೆ ಬಾಯಿ ಬರ್ಲಿಲ್ಲ."

ಅಕ್ಕ ಕಣ್ಣೊರೆಸಿಕೊಂಡು, "ಹಾಗಾದ್ರೆ ತಪ್ಪಿನಲ್ಲಿ ಅರ್ಧ ನಿಂದು, ತಗೋ" ಎಂದಳು. ಸಭೆ ಘೊಳ್ಳೆಂದು ನಕ್ಕಿತು.

ಯಂತ್ರ ನಿಲ್ಲಿಸಿದ ದಿನ ಇಬ್ಬರೂ ಸುರಂಗಕ್ಕಿಳಿದು, ಆರು, ಒಂಬತ್ತು ಇರುವ ಪ್ರತಿ ಚೀಟಿಯಲ್ಲೂ ಅಂಕಿಯ ಬುಡಕ್ಕೊಂದು ಗೆರೆ ಎಳೆದರು. ಹೇಗೆ ಮಲಗಿ ನೋಡಿದರೂ ಬುಡ ಯಾವುದೆಂದು ಈಗ ಗೊತ್ತಾಗುತ್ತದೆ. ಅದಕ್ಕೆ ಅಲ್ಲಿ ಅಕ್ಕನ ಗೆರೆ ಎಂದೇ ಹೆಸರು ಬಿದ್ದಿದೆ.

"ಸರಿಯಾಗಿ ಸಿಕ್ಕಿಸಿದ್ದು ಯಾರಿಗೂ ನೆನಪಿಲ್ಲ, ತಪ್ಪಿಗೆ ಮಾತ್ರ ನನ್ನ ಹೆಸರು!" ಎಂದು ಅಕ್ಕ ಸಿಡುಕುತ್ತಾಳೆ. ಸಿಡುಕುವಾಗಲೂ ನಗು ತಡೆಯಲಾರಳು.