ಬಿಸಿ ಗಾಲಿ, ತಣ್ಣೀರು

ಸುಟ್ಟ ವಾಸನೆ ಮೊದಲು ಬಡಿದದ್ದು ನನ್ನ ಮೂಗಿಗೆ. ಮಾನೇಸರಿನ ಕಾರ್ಖಾನೆಗಳಿಗೆ ಬೆಳಗಿನ ಪಾಳಿಯ ಬಸ್ಸುಗಳು ಹೋಗುವ ಹೊತ್ತು.

"ಟ್ರಕ್ಕುಗಳದು ಬಿಡೇ," ಎಂದರು ಗಾಡಿ ಓಡಿಸುತ್ತಿದ್ದ ನಮ್ಮವರು.

ನಮ್ಮ ಕಾರಿನ ಹಿಂದೆ ಟ್ರೇಲರ್ ಇತ್ತು, ಅದರ ಮೇಲೆ ಮಗಳ ಹಾಯಿದೋಣಿ. ಸಂಜೆ ಆರರೊಳಗೆ ಉದಯಪುರದ ಕೆರೆ ತಲುಪಿ ದೋಣಿಯನ್ನು ಸಂಘಟಕರ ಅಳತೆ ತಪಾಸಣೆಗೆ ಒಪ್ಪಿಸದಿದ್ದರೆ ಮರುದಿನದ ಮೊದಲ ಪಂದ್ಯಕ್ಕೆ ಅವಳಿಲ್ಲ. ಅವಳ ವಯೋಮಿತಿಗೆ ಅದೇ ಕೊನೆಯ ವರ್ಷ. ಟ್ರೇಲರ್ ಎಳೆಯುವಾಗ ಅರವತ್ತರ ಮೇಲೆ ಹೋಗುವಂತಿಲ್ಲ. ಗುರುಗ್ರಾಮದಿಂದ ಐದೂಕಾಲಿಗೆ ಬಿಟ್ಟರೆ ದಾರಿಯಲ್ಲಿ ಒಂದೂವರೆ ತಾಸು ಕೈಯಲ್ಲಿರುತ್ತದೆಂದು ನಾನು ಹಿಂದಿನ ದಿನವೇ ಚೀಟಿಯಲ್ಲಿ ಲೆಕ್ಕ ಹಾಕಿದ್ದೆ.

ಸುಮ್ಮನೆ ಕೂರಲಾಗದೆ ಗಾಡಿ ನಿಲ್ಲಿಸಲು ಹೇಳಿದೆ. ಗಾಲಿಯ ನಡುವೆ ಬೇರಿಂಗುಗಳನ್ನು ಹಿಡಿದಿಡುವ ಉಬ್ಬಿಗೆ ಹಬ್ ಎನ್ನುತ್ತಾರೆ. ನಮ್ಮವರು ಟ್ರೇಲರಿನ ಎಡಗಾಲಿಯ ಹಬ್ ಮುಟ್ಟಿದವರೇ ಕೈ ಕೊಡವಿದರು. ಬಲಗಾಲಿಯದು ತಣ್ಣಗಿತ್ತು.

ಅರ್ಧ ಕಿಲೋಮೀಟರು ತೆವಳಿಕೊಂಡು ಹೋಗಿ ಟೆಂಪೊಗಳ ಆಕ್ಸಲ್ ರಿಪೇರಿಯ ಅಂಗಡಿಯೊಂದನ್ನು ಹಿಡಿದೆವು. ನರೆತ ಮೀಸೆಯ ಮಿಸ್ತ್ರಿ ಜಾಕ್ ಏರಿಸಿ, ಟೈರಿನ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದ. ಟಕ್ ಟಕ್ ಎಂದಿತು. ತಿರುಗಿಸಿದರೆ ಒಳಗೆ ಮರಳು ಬೀಸಿದ ಸದ್ದು. ಮುಚ್ಚಳ ತೆಗೆದ. ಕಂದು ಬಣ್ಣದ್ದಾಗಿರಬೇಕಾದ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಬೇರಿಂಗಿನ ಉರುಳೆಗಳು ಕಾದು ನೀಲಿಗಟ್ಟಿದ್ದವು. ಆಕ್ಸಲಿನ ತುದಿಯನ್ನು ಒರೆಸಿ ಉದ್ದಕ್ಕೂ ಉಗುರು ಎಳೆದು ನೋಡಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಬಚ್ ಗಯಾ," ಎಂದ. ಆಕ್ಸಲ್ ಉಳಿದುಕೊಂಡಿತ್ತು.

"ಕೆರೆಗೆ ಹೋದ ಕೂಡಲೇ ಟ್ರೇಲರನ್ನ ನೀರಿಗೆ ಇಳಿಸ್ತೀರಾ?" ಎಂದು ಹಿಂದಿಯಲ್ಲಿ ಕೇಳಿದ.

ಹೌದೆಂದೆ.

"ಬೆಹನ್‌ಜೀ, ಪಾನೀ ಮೇ ನಾವ್ ಚಲ್ತೀ ಹೈ, ಪಹಿಯಾ ನಹೀಂ." ನೀರಿನಲ್ಲಿ ಓಡುವುದು ದೋಣಿ, ಗಾಲಿಯಲ್ಲ. ಓಡಿ ಬಂದ ಹಬ್ ಬಿಸಿಯಾಗಿರುತ್ತದಂತೆ. ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದಂತೆ, ಗ್ರೀಸು ಬೆಳ್ಳಗಾದದ್ದು ಅದರಿಂದಲೇ. ಇಳಿಸುವ ಮೊದಲು ಅರ್ಧ ತಾಸು ಆರಲು ಬಿಡಬೇಕು.

ನಮ್ಮವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು. ಪ್ರತಿ ಭಾನುವಾರ ಮಗಳ ಅಭ್ಯಾಸಕ್ಕೆ ಹೋಗುವ ಕೆರೆಯ ದಂಡೆಯಲ್ಲಿ ಅವರು ಮೊದಲು ಚಹಾ ಕುಡಿಯೋಣ ಎನ್ನುವರು. ಪಿಕ್ನಿಕ್ಕಿನವರು ಬಂದು ಇಳಿಜಾರಿಗೆ ಅಡ್ಡ ನಿಲ್ಲುತ್ತಾರೆ, ಬಿಸಿಲೇರುತ್ತದೆ, ಇಳಿಸಿ ಇಳಿಸಿ ಎಂದು ಅವಸರಿಸುವವಳು ನಾನು. ಮನೆಯಲ್ಲಿ ಹಾಲು ಕಾಯಿಸುವಾಗ ಒಲೆ ಬಿಟ್ಟು ಕದಲದ ನನಗೆ ಅಲ್ಲಿ ಮಾತ್ರ ಕಾಲು ನಿಲ್ಲುತ್ತಿರಲಿಲ್ಲ.

ಹೊಸ ಬೇರಿಂಗು, ಹೊಸ ಸೀಲು ಬಂದವು. ಮಿಸ್ತ್ರಿ ಅಂಗೈಯಲ್ಲಿ ಗ್ರೀಸಿಟ್ಟು ಬೇರಿಂಗಿಗೆ ಒತ್ತಿ ಒತ್ತಿ ತುಂಬಿದ. ನಟ್ಟನ್ನು ಬಿಗಿದು, ಮತ್ತೆ ಚೂರು ಸಡಿಲಿಸಿ, ಪಿನ್ನು ಹಾಕಿದ. ಗಾಲಿ ಸದ್ದಿಲ್ಲದೆ ತಿರುಗಿತು. ಏಳೂಮುಕ್ಕಾಲು. ನನ್ನ ಚೀಟಿಯ ಒಂದೂವರೆ ತಾಸು ಅಲ್ಲಿಗೆ ಮುಗಿದಿತ್ತು.

"ಬಲಗಡೆದೂ ಬಿಚ್ಚಲಾ?" ಎಂದ ಮಿಸ್ತ್ರಿ.

"ಅದು ಠೀಕ್ ಹೈ ಅಲ್ವಾ, ಪಪ್ಪಾ? ಚಲೋ ನಾ!" ಮಗಳು ಆಗಲೇ ಕಾರಿನೊಳಗಿದ್ದಳು.

ನಮ್ಮವರು ಬಲಗಾಲಿ ತಿರುಗಿಸಿದರು. ಸದ್ದಿಲ್ಲ, ಅಲುಗಾಟವಿಲ್ಲ. "ಉದಯಪುರದವರೆಗೆ ಬರಬಹುದೇನೋ," ಎಂದರು.

"ದೋನೋಂ ಸಾಥ್ ಹೀ ನಹಾಯೇ ಥೇ ನಾ?" ಮಿಸ್ತ್ರಿ ನಕ್ಕ. ಎರಡೂ ಒಟ್ಟಿಗೇ ಸ್ನಾನ ಮಾಡಿದವಲ್ಲವೇ?

ನಾನು ಟ್ರೇಲರಿನ ಸುತ್ತ ಎರಡು ಸುತ್ತು ಬಂದೆ. ಬಿಚ್ಚಿದರೆ ಮೊದಲ ಪಂದ್ಯ ಹೋಯಿತು. ಬಿಚ್ಚದಿದ್ದರೆ, ನಡುದಾರಿಯಲ್ಲಿ ಬೇರಿಂಗು ಪುಡಿಯಾಗಿ ಗಾಲಿ ಕಳಚಿ, ಹಿಂದೆ ಯಾವುದಾದರೂ ಬೈಕು ಬರುತ್ತಿದ್ದರೆ?

"ಬಿಚ್ಚಿ," ಎಂದೆ.

"ಅಮ್ಮಾ! ಪಾಗಲ್ ಹೋ ಕ್ಯಾ?"

"ಪ್ರತಿ ವಾರ ನೀರಿಗೆ ಇಳಿಸೋಕೆ ಅವಸರ ಮಾಡಿದವಳು ನಾನು. ಬೈಯೋದಿದ್ರೆ ನನ್ನನ್ನೇ ಬೈಯಿ."

ಅವಳು ಕಾರಿನ ಗಾಜು ಏರಿಸಿದಳು.

ಬಲಗಾಲಿಯ ಮುಚ್ಚಳ ಕಳಚಿ ಬಂದಾಗ ಒಳಗೂ ಅದೇ ಬಿಳಿ. ಉರುಳೆಗಳ ಮೇಲೆ ತುಕ್ಕಿನ ಚುಕ್ಕಿಗಳು. ನಮ್ಮವರು ಆ ಬೇರಿಂಗನ್ನು ಗಾಜಿನ ಬಳಿ ಎತ್ತಿ ಹಿಡಿದು ಮಗಳಿಗೆ ತೋರಿಸಿದರು. ಅವಳು ನೋಡಿ ಮುಖ ತಿರುಗಿಸಿದಳು.

ಉದಯಪುರ ಮುಟ್ಟಿದಾಗ ಏಳು ಗಂಟೆ. ಅಳತೆಯವರು ಹೊರಟುಹೋಗಿದ್ದರು. ಮರುದಿನ ಅಳತೆ ಮುಗಿಸಿ, ಎರಡನೆಯ ಪಂದ್ಯದಿಂದ ಇಳಿಯಲು ಸಂಘಟಕರು ಒಪ್ಪಿದರು. ಮೊದಲನೆಯದು ನಡೆಯುವಾಗ ಅವಳು ದಂಡೆಯಲ್ಲಿ ನನ್ನಿಂದ ನಾಲ್ಕು ಮಾರು ದೂರ ನಿಂತಿದ್ದಳು. ನಾನು ದುಪಟ್ಟಾದ ಅಂಚು ಸುತ್ತುತ್ತಾ ಬಿಚ್ಚುತ್ತಾ, ಹತ್ತಿರ ಹೋಗದೆ ನಿಂತೆ. ಹಾಯಿಗಳು ದೂರದ ತಿರುವು ದಾಟಿದ ಮೇಲೆ ಅವಳೇ ಬಂದಳು.

"ತಿನ್ನಕ್ಕೆ ಏನಿದೆ?"

"ಚಕ್ಕುಲಿ."

ಡಬ್ಬಿ ಕಿತ್ತುಕೊಂಡು, ನೀರಿನಿಂದ ಕಣ್ಣು ತೆಗೆಯದೆ ನಿಂತೇ ತಿಂದಳು.